ಕಡಲಂಚಿನ ದಾರಿ, ಕೈಯಲ್ಲೊಂದು ಹಗ್ಗ

ನಾಯಿ ಸಾಕಿದವರ ಮನೆಯಲ್ಲಿ ರಜೆಯ ಮಾತು ಬಂದರೆ ಮೊದಲು ಏಳುವುದು ಒಂದೇ ಪ್ರಶ್ನೆ: ಇದನ್ನು ಯಾರ ಹತ್ತಿರ ಬಿಡುವುದು? ಪಕ್ಕದ ಮನೆಯವರು ಒಂದು ಸಲ ಊಟ ಹಾಕಿಯಾರು, ಎರಡನೆಯ ಸಲಕ್ಕೆ ಅವರಿಗೇ ಎಲ್ಲೋ ಮದುವೆ ಇರುತ್ತದೆ. ಜೊತೆಗೇ ಕರೆದುಕೊಂಡು ಹೊರಟರೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕಾಲು ಮೇಲೆತ್ತಿಕೊಳ್ಳುತ್ತಾರೆ, ಲಾಡ್ಜಿನವರು ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಾರೆ. ರೈಲಿನಲ್ಲಂತೂ ಒಂದೋ ಮೊದಲ ದರ್ಜೆಯ ಎ.ಸಿ. ಕೂಪೆ ಇಡಿಯಾಗಿ ನಿಮ್ಮದಾಗಬೇಕು, ಇಲ್ಲವೇ ನಾಯಿ ಗಾರ್ಡಿನ ಡಬ್ಬಿಯ ಪೆಟ್ಟಿಗೆಯೊಳಗೆ ಕೂರಬೇಕು. ನಮ್ಮಲ್ಲಿ ನಾಯಿಯೊಂದಿಗೆ ಪ್ರವಾಸ ಅನ್ನುವುದು ಇನ್ನೂ ಕೆಲವರ ಹಟದಿಂದ ಮಾತ್ರ ನಡೆಯುತ್ತಿರುವ ವ್ಯವಹಾರ.

ಇಂಗ್ಲೆಂಡಿನ ಕಡಲತೀರದಲ್ಲಿ ಹಾಗಲ್ಲ. ಅಲ್ಲಿ ನಾಯಿಯನ್ನು ಕರೆದುಕೊಂಡು ಕಡಲಂಚಿನ ಕಾಲುದಾರಿ ಹಿಡಿಯುವುದು ಭಾನುವಾರದ ಮಾಮೂಲು. ಆ ದಾರಿ ಎಂಥದು, ಅಲ್ಲಿ ನಾಯಿಗೆ ಜಾಗ ಸಿಕ್ಕಿದ್ದು ಯಾವ ಕಟ್ಟುಪಾಡಿನ ಮೇಲೆ, ಅದರಿಂದ ನಮ್ಮ ಗೋಕರ್ಣ, ಕುಮಟಾ, ಹೊನ್ನಾವರದ ತೀರಕ್ಕೆ ಏನಾದರೂ ಪಾಠ ಉಂಟೆ? ಇವತ್ತಿನ ಮಾತು ಇಷ್ಟರ ಬಗ್ಗೆ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಸೌತ್ ವೆಸ್ಟ್ ಕೋಸ್ಟ್ ಪಾತ್ ಎಂಬ ಕಾಲುದಾರಿ ಇದೆ. ಸಾಮರ್‌ಸೆಟ್‌ನ ಮೈನ್‌ಹೆಡ್ ಊರಿನಲ್ಲಿ ಹೊರಟು, ಡೆವನ್ ಹಾದು, ಕಾರ್ನ್‌ವಾಲ್‌ನ ಇಡೀ ಮೂತಿಯನ್ನು ಸುತ್ತಿ, ಮತ್ತೆ ಡೆವನ್‌ಗೆ ಬಂದು, ಡಾರ್ಸೆಟ್‌ನ ಪೂಲ್ ಬಂದರಿನ ಬಾಯಲ್ಲಿ ಮುಗಿಯುತ್ತದೆ. ಉದ್ದ 630 ಮೈಲಿ, ಅಂದರೆ ಸುಮಾರು 1,014 ಕಿಲೋಮೀಟರ್. ನಮ್ಮ ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಅದರ ಮೂರು ಪಾಲು ಅಂದುಕೊಳ್ಳಿ. ಮೈಲಿ ಲೆಕ್ಕ ನೋಡಿ ಸಮತಟ್ಟು ಮರಳಿನ ಮೇಲೆ ಸಾಗುವ ದಾರಿ ಅಂದುಕೊಂಡರೆ ಮೊದಲ ದಿನವೇ ಮಂಡಿ ಬುದ್ಧಿ ಹೇಳುತ್ತದೆ. ಹಳ್ಳವೊಂದು ಕಡಲಿಗೆ ಸೇರುವಲ್ಲೆಲ್ಲ ದಾರಿ ಬಂಡೆಯ ನೆತ್ತಿಯಿಂದ ನೀರಿನ ಮಟ್ಟಕ್ಕೆ ಇಳಿದು, ಆಚೆ ದಡದಲ್ಲಿ ಮತ್ತೆ ನೆತ್ತಿಗೆ ಏರುತ್ತದೆ. ಇಡೀ ದಾರಿಯ ಏರುಗಳನ್ನು ಕೂಡಿದರೆ ಸುಮಾರು 35,000 ಮೀಟರ್, ನಾಲ್ಕು ಎವರೆಸ್ಟಿನ ಎತ್ತರ.

ಇದು ಹೀಗೇಕೆ ಅಂಚಿಗೆ ಅಂಟಿಕೊಂಡು ಹೋಗುತ್ತದೆ? ಹಾಕಿದವರು ವಿಹಾರಕ್ಕೆ ಹೊರಟವರಲ್ಲ. ಬ್ರಾಂದಿ, ತಂಬಾಕು, ಚಹಾ ಇವನ್ನೆಲ್ಲ ಸುಂಕ ತಪ್ಪಿಸಿ ರಾತ್ರೋರಾತ್ರಿ ದೋಣಿಯಲ್ಲಿ ಇಳಿಸುತ್ತಿದ್ದ ಕಾಲ ಅದು. ಆ ಕಳ್ಳಸಾಗಣೆದಾರರನ್ನು ಹಿಡಿಯುವುದಕ್ಕೆ 1822ರಲ್ಲಿ ಕೋಸ್ಟ್‌ಗಾರ್ಡ್ ಪಡೆ ಹುಟ್ಟಿತು. ಪ್ರತಿಯೊಂದು ಕೊಲ್ಲಿಯೊಳಗೂ ಇಣುಕಿ ನೋಡಬೇಕಾಗಿದ್ದ ಕಾವಲುಗಾರರು ಬಂಡೆಯ ಅಂಚಿನಲ್ಲೇ ಓಡಾಡಿದರು. ಅವರ ಬೂಟು ಸವೆಸಿದ ಜಾಡೇ ಇವತ್ತಿನ ದಾರಿಗೆ ತಳಪಾಯ. ತುಂಡುತುಂಡಾಗಿ ಜನರಿಗೆ ತೆರೆದ ಈ ದಾರಿ 1978ರ ಹೊತ್ತಿಗೆ ಪೂರ್ತಿಯಾಯಿತು. ಆಮೇಲೆ 2012ರಲ್ಲಿ ವೇಲ್ಸ್ ತನ್ನ ಇಡೀ ಕರಾವಳಿಗೆ 870 ಮೈಲಿಯ ದಾರಿ ಹಾಕಿಕೊಂಡಿತು. ಇಂಗ್ಲೆಂಡ್ ಕೂಡ ತನ್ನ ಪೂರ್ತಿ ತೀರದ ಉದ್ದಕ್ಕೂ, ಸುಮಾರು 2,700 ಮೈಲಿಯ ದಾರಿಯನ್ನು ಹಂತಹಂತವಾಗಿ ಜೋಡಿಸುತ್ತ ಬಂದಿದೆ. ಅದಕ್ಕೆ ಆಧಾರವಾದ ಕಾಯಿದೆ 2009ರದು.

ಈ ದಾರಿಗಳಲ್ಲಿ ನಡೆಯುವವರಲ್ಲಿ ನಾಯಿ ಹಿಡಿದವರು ಬಹಳ. ಅದಕ್ಕೆ ತಕ್ಕಂತೆ ವ್ಯವಸ್ಥೆಯೂ ಬೆಳೆದಿದೆ. ಬ್ರಿಟನ್ನಿನ ರೈಲಿನಲ್ಲಿ ಒಬ್ಬ ಪ್ರಯಾಣಿಕ ಎರಡು ನಾಯಿಗಳವರೆಗೆ ಪುಕ್ಕಟೆ ಕರೆದುಕೊಂಡು ಹೋಗಬಹುದು. ಸೀಟಿನ ಮೇಲೆ ಹತ್ತಿಸಬಾರದು ಅಷ್ಟೆ. ಹೊಲಗಳ ನಡುವಿನ ಬೇಲಿಗೆ ಮನುಷ್ಯರು ಹತ್ತಿ ಇಳಿಯಲು ಮೆಟ್ಟಿಲಿರುತ್ತದೆ. ಕೆಲವು ಕಡೆ ಅದರ ಪಕ್ಕದಲ್ಲೇ ಮೇಲೆತ್ತಿದರೆ ನಾಯಿ ನುಸುಳುವಷ್ಟು ಕಿಂಡಿಯಾಗುವ ಹಲಗೆಯೊಂದು ಇರುತ್ತದೆ. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರನ್ನು ಹೊತ್ತು ಬೇಲಿ ದಾಟಿಸಿದವರಿಗೆ ಆ ಹಲಗೆಯ ಬೆಲೆ ಗೊತ್ತು. ಮಧ್ಯಾಹ್ನ ಪಬ್ಬಿನ ಬಾಗಿಲಿಗೆ ಬಂದರೆ ಅಲ್ಲಿ ನಾಯಿಗೆಂದೇ ನೀರಿನ ಬಟ್ಟಲು.

ಇಷ್ಟು ಕೇಳಿದರೆ ನಾಯಿಗೆ ಅಲ್ಲಿ ಸ್ವರ್ಗವೇ ಅನ್ನಿಸೀತು. ಆದರೆ ಸ್ವಲ್ಪ ನಿಲ್ಲಿ. ನಾಯಿಗೆ ಇಷ್ಟು ಜಾಗ ಕೊಟ್ಟ ದೇಶವೇ ನಾಯಿಯ ಕೊರಳಿನ ಹಗ್ಗದ ಬಗ್ಗೆ ಇಷ್ಟು ಯೋಚನೆ ಮಾಡಿದೆ. ಹಗ್ಗ ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಲ್ಲಿ ಕೈಬಿಡಬೇಕು ಅನ್ನುವುದು ಜನರಿಗೆ ತಿಳಿದಿರುವುದರಿಂದಲೇ ದಾರಿ ತೆರೆದಿದೆ. ನಾನು ಇವತ್ತು ಹೇಳಬೇಕೆಂದಿರುವ ಮಾತೂ ಇದೇ.

ಕಾನೂನಿನ ಭಾಷೆಯನ್ನೇ ನೋಡಿ. ಅಲ್ಲಿನ ಕರಾವಳಿ ಪಟ್ಟಿಯಲ್ಲಿ ನಾಯಿ ಪರಿಣಾಮಕಾರಿ ಹತೋಟಿಯಲ್ಲಿರಬೇಕು. ಹತೋಟಿ ಅಂದರೇನು? ಒಂದೋ ನಾಯಿ ಹಗ್ಗದಲ್ಲಿರಬೇಕು. ಇಲ್ಲವಾದರೆ ಅದು ಒಡೆಯನ ಕಣ್ಣಳತೆಯಲ್ಲಿರಬೇಕು, ಅದು ಏನು ಮಾಡುತ್ತಿದೆ ಅನ್ನುವುದು ಒಡೆಯನಿಗೆ ಗೊತ್ತಿರಬೇಕು, ಕೂಗಿದ ಕೂಡಲೇ ಬರುತ್ತದೆ ಎಂಬ ಭರವಸೆಗೆ ಆಧಾರ ಇರಬೇಕು. ಜನರಿಗೆ ತೆರೆದ ಜಾಗ ಬಿಟ್ಟು ಅದು ಆಚೆಗೆ ಹೋಗಲೂ ಬಾರದು. ಎಷ್ಟು ಜಾಣ ವ್ಯಾಖ್ಯೆ! ನಾಯಿ ಸಾಧುವೋ ಅಲ್ಲವೋ ಎಂದು ಅದು ಕೇಳುವುದೇ ಇಲ್ಲ. ‘ನಮ್ಮದು ಏನೂ ಮಾಡಲ್ಲ ಸಾರ್’ ಅನ್ನುವ ಜಗತ್ಪ್ರಸಿದ್ಧ ವಾಕ್ಯಕ್ಕೆ ಅಲ್ಲಿ ಬೆಲೆಯಿಲ್ಲ. ಕರೆದರೆ ಬರುತ್ತದೆಯೇ? ಬರುವುದಿಲ್ಲವಾದರೆ ಕಟ್ಟು. ಒಳನಾಡಿನ ತೆರೆದ ಗುಡ್ಡಬಯಲುಗಳಲ್ಲಿ ನಿಯಮ ಇನ್ನೂ ಖಚಿತ: ಮಾರ್ಚ್ 1ರಿಂದ ಜುಲೈ 31ರವರೆಗೆ ಎರಡು ಮೀಟರಿಗಿಂತ ಉದ್ದವಲ್ಲದ ಹಗ್ಗ ಇರಲೇಬೇಕು, ದನಕುರಿಗಳ ಹತ್ತಿರವಾದರೆ ವರ್ಷವಿಡೀ ಇರಬೇಕು.

ದನಕುರಿ ಅಂದೆ. ಇಂಗ್ಲೆಂಡಿನ ಕಡಲಂಚಿನ ದಾರಿ ಕಾಡಿನಲ್ಲಿ ಹೋಗುವುದಕ್ಕಿಂತ ಹೆಚ್ಚಾಗಿ ರೈತರ ಹುಲ್ಲುಗಾವಲಿನ ಮೇಲೇ ಹೋಗುತ್ತದೆ. ಅಲ್ಲಿ ಕುರಿ ಮೇಯುತ್ತಿರುತ್ತವೆ. ಚಳಿಗಾಲದ ಕೊನೆಯಿಂದ ವಸಂತದವರೆಗೆ ಅವು ಗಬ್ಬದಲ್ಲಿರುತ್ತವೆ, ಇಲ್ಲವೇ ಎಳೆಮರಿ ಹಾಕಿರುತ್ತವೆ. ನಾಯಿ ಕಚ್ಚಲೇಬೇಕೆಂದಿಲ್ಲ, ಆಟಕ್ಕೆ ಅಟ್ಟಿಸಿಕೊಂಡು ಹೋದರೂ ಸಾಕು, ಹೆದರಿ ಓಡಿದ ಕುರಿ ಕಂದು ಹಾಕುತ್ತದೆ. ಬಂಡೆಯ ಅಂಚಿನ ಹೊಲದಲ್ಲಾದರೆ ಮಂದೆಯೇ ಕೆಳಗೆ ಬಿದ್ದೀತು. ಇದಕ್ಕಾಗಿ 1953ರಲ್ಲೇ ಒಂದು ಪ್ರತ್ಯೇಕ ಕಾಯಿದೆ ಬಂತು. ಅದರ ಪ್ರಕಾರ ಕುರಿಯಿರುವ ಹೊಲದಲ್ಲಿ ನಾಯಿಯನ್ನು ಹತೋಟಿಯಿಲ್ಲದೆ ಬಿಟ್ಟಿರುವುದೇ ತಪ್ಪು. ಬೇರೆ ದಾರಿಯೇ ಇಲ್ಲದಾಗ ಮಂದೆ ಉಳಿಸಿಕೊಳ್ಳಲು ರೈತ ನಾಯಿಗೆ ಗುಂಡು ಹಾರಿಸಿದರೂ ಕಾನೂನು ಅವನ ಪರ ನಿಲ್ಲುವ ಸಂದರ್ಭಗಳಿವೆ. ಕುರಿ ಕಾಯುವ ಹಾಲುಮತದವರ ನಾಡು ನಮ್ಮದು. ರೈತನ ಆ ಸಂಕಟ ನಮಗೆ ಯಾರೂ ವಿವರಿಸಬೇಕಿಲ್ಲ.

ಕುರಿಯ ಹೊಲದಲ್ಲಿ ಹಗ್ಗ ಬಿಗಿಹಿಡಿ ಅಂದದ್ದಾಯಿತು. ಈಗ ಪಕ್ಕದ ಹೊಲಕ್ಕೆ ಬನ್ನಿ. ಅಲ್ಲಿ ಕರು ಹಾಕಿದ ಹಸುಗಳಿವೆ. ನಾಯಿಯನ್ನು ಕಂಡ ತಾಯಿ ಹಸುವಿಗೆ ಅದು ತೋಳದಂತೆಯೇ ಕಾಣುತ್ತದೆ. ಕೊಂಬು ತಗ್ಗಿಸಿ ನುಗ್ಗುವುದು ನಾಯಿಯ ಮೇಲೆ; ಆದರೆ ಹಗ್ಗದ ಈ ತುದಿಯಲ್ಲಿ ನೀವಿದ್ದೀರಿ. ನಾಯಿ ನಿಮ್ಮ ಕಾಲ ಹಿಂದೆ ಅಡಗುತ್ತದೆ, ಪೆಟ್ಟು ನಿಮಗೆ ಬೀಳುತ್ತದೆ. ಆದ್ದರಿಂದ ಅಲ್ಲಿನ ಅಧಿಕೃತ ಸಲಹೆ ಏನೆಂದರೆ, ದನ ನುಗ್ಗಿ ಬಂದರೆ ತಕ್ಷಣ ಹಗ್ಗ ಕೈಬಿಡಿ. ನಾಯಿ ದನಕ್ಕಿಂತ ಜೋರಾಗಿ ಓಡಿ ಪಾರಾಗುತ್ತದೆ. ನೀವು ಬೇರೆ ದಿಕ್ಕಿನಿಂದ ಬೇಲಿ ಸೇರಿಕೊಳ್ಳಬಹುದು. ನಾಯಿಯನ್ನು ಕಾಪಾಡಬೇಕೆಂದು ಎದೆಗಪ್ಪಿ ನಿಂತವರೇ ತುಳಿತಕ್ಕೆ ಸಿಕ್ಕುವುದು.

ಮೂರನೆಯದು ಬಂಡೆಯ ಅಂಚು. ಸೀಮೆಸುಣ್ಣದ ಬಂಡೆಯಾಗಲಿ ಮರಳುಗಲ್ಲಾಗಲಿ, ಕೆಳಗಿನಿಂದ ಅಲೆ ಕೊರೆದು ಮೇಲೆ ಬರೀ ಹುಲ್ಲಿನ ಹೊದಿಕೆ ಉಳಿದಿರುತ್ತದೆ. ಅಲ್ಲಿ ಮೊಲ ಹೇರಳ. ಮೊಲದ ಬೆನ್ನು ಹತ್ತಿದ ನಾಯಿಗೆ ನೆಲ ಮುಗಿಯುವುದು ಕಾಣುವುದಿಲ್ಲ. ಅಂಚಿನಲ್ಲಿ ಹಗ್ಗ ಕಟ್ಟಿಯೇ ಇರಬೇಕು ಅನ್ನುವುದು ಇದಕ್ಕೇ. ಇನ್ನು ನಾಯಿ ಬಿದ್ದೇಬಿಟ್ಟಿತು, ಅಥವಾ ನೀರಿಗೆ ಸಿಕ್ಕಿಕೊಂಡಿತು ಅನ್ನಿ. ಆಗ ಏನು ಮಾಡಬೇಕು? ಅಲ್ಲಿನ ಕೋಸ್ಟ್‌ಗಾರ್ಡ್, 1824ರಿಂದ ಜೀವರಕ್ಷಕ ದೋಣಿ ನಡೆಸುತ್ತಿರುವ ಆರ್.ಎನ್.ಎಲ್.ಐ. ಸಂಸ್ಥೆ, ಎರಡೂ ಹೇಳುವುದು ಒಂದೇ: ಹಿಂದೆ ಹೋಗಬೇಡಿ. 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡನ್ನು ಕೇಳಿ. ಎಷ್ಟೋ ಸಲ ನಾಯಿ ತಾನಾಗಿಯೇ ಈಜಿ ದಡ ಸೇರುತ್ತದೆ, ಅದನ್ನು ಹುಡುಕಿ ಇಳಿದವನನ್ನು ಹಗ್ಗ ಕಟ್ಟಿ ಮೇಲೆತ್ತಬೇಕಾಗುತ್ತದೆ. ಕಲ್ಲು ಮನಸ್ಸಿನ ಮಾತು ಅನ್ನಿಸಬಹುದು. ಆದರೆ ಈ ಸಲಹೆಯ ಹಿಂದೆ ಅಂಥ ಅನೇಕ ರಕ್ಷಣಾ ಕೆಲಸಗಳ ಅನುಭವ ಇದೆ.

ಇಷ್ಟೂ ನಮ್ಮ ಮತ್ತು ನಾಯಿಯ ಜೀವದ ಮಾತಾಯಿತು. ಇನ್ನು ದೂರು ಕೊಡಲು ಬಾಯಿಲ್ಲದವರ ಮಾತು.

ಟಿಟ್ಟಿಭ ಹಕ್ಕಿ ನಿಮಗೆ ಗೊತ್ತು. ಬಯಲಿನಲ್ಲಿ ನೆಲದ ಮೇಲೇ ಮೊಟ್ಟೆಯಿಟ್ಟು, ಹತ್ತಿರ ಹೋದರೆ ಊರೆಲ್ಲ ಒಂದು ಮಾಡುವ ಹಕ್ಕಿ. ಅದರ ನೆಂಟನಾದ ರಿಂಗ್ಡ್ ಪ್ಲವರ್ ಇಂಗ್ಲೆಂಡಿನ ಬೆಣಚುಕಲ್ಲಿನ ತೀರದಲ್ಲಿ ಕಲ್ಲಿನ ಬಣ್ಣದ ಮೊಟ್ಟೆಯಿಡುತ್ತದೆ. ಶತ್ರು ಹತ್ತಿರ ಬಂದರೆ ರೆಕ್ಕೆ ಮುರಿದವರ ಹಾಗೆ ಕುಂಟುತ್ತ ದೂರ ಎಳೆದುಕೊಂಡು ಹೋಗುವ ನಾಟಕವೂ ಇದಕ್ಕೆ ಗೊತ್ತು. ನಾಯಿ ಆ ನಾಟಕಕ್ಕೆ ಮರುಳಾಗಿ ಹಕ್ಕಿಯ ಹಿಂದೆ ಓಡುತ್ತದೆ. ಒಡೆಯ ನಗುತ್ತ ನೋಡುತ್ತಾನೆ. ಅಷ್ಟು ಹೊತ್ತು ಮೊಟ್ಟೆ ಬರಿಗಾಳಿಗೆ ಬಿದ್ದಿರುತ್ತದೆ, ತಲೆಯ ಮೇಲೆ ಕಡಲಕಾಗೆ ಸುತ್ತುತ್ತಿರುತ್ತದೆ. ಡಾರ್ಸೆಟ್‌ನ ಚೆಸಿಲ್ ದಂಡೆಗೆ ಪಶ್ಚಿಮ ಆಫ್ರಿಕಾದ ಕಡೆಯಿಂದ ಪ್ರತಿ ಬೇಸಿಗೆಗೂ ಲಿಟ್ಲ್ ಟರ್ನ್ ಎಂಬ ಪುಟ್ಟ ಕಡಲಹಕ್ಕಿ ಬರುತ್ತದೆ. ಅಲ್ಲಿ ಬೇಲಿ ಕಟ್ಟಿ, ಕಾವಲಿಗೆ ಜನ ಇಟ್ಟು ಅದರ ಗೂಡುಗಳನ್ನು ಉಳಿಸಿಕೊಳ್ಳುತ್ತಿದ್ದಾರೆ. ಬಂಡೆಯ ಮೇಲಿನ ಹುಲ್ಲಿನಲ್ಲಿ ನಮ್ಮ ನೆಲಗುಬ್ಬಿಯ ಬಂಧು ಸ್ಕೈಲಾರ್ಕ್ ಗೂಡು ಮಾಡುತ್ತದೆ. ಕಾಲಡಿಯಲ್ಲಿದ್ದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ, ನಾಯಿಯ ಮೂಗಿಗೆ ಬೀಳುತ್ತದೆ.

ಇಲ್ಲಿ ಹಗ್ಗ ಕಟ್ಟಿದರೆ ಮುಗಿಯಿತೇ? ಮುಗಿಯದು. ಆಸ್ಟ್ರೇಲಿಯಾದ ಸಿಡ್ನಿ ಸುತ್ತಮುತ್ತಲ ಕಾಡುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಗ್ಗದಲ್ಲಿದ್ದ ನಾಯಿಗಳನ್ನೇ ನಡೆಸಿ ನೋಡಿತ್ತು. ನಾಯಿ ಹಾದುಹೋದ ದಾರಿಯಲ್ಲಿ ಕಂಡ ಹಕ್ಕಿಗಳ ಜಾತಿ ಶೇ 35ರಷ್ಟು, ಸಂಖ್ಯೆ ಶೇ 41ರಷ್ಟು ಕಡಿಮೆಯಾಗಿದ್ದವು. ಹಕ್ಕಿಗೆ ನಾಯಿ ಎಂದರೆ ನರಿ, ಅಷ್ಟೆ; ಕೊರಳಿನ ಪಟ್ಟಿ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಕೆಲವು ತಿಂಗಳು, ಕೆಲವು ಜಾಗಕ್ಕೆ ಹೋಗದೇ ಇರುವುದು ಕೂಡ ನಾಯಿ ಸಾಕಿದವರ ಕರ್ತವ್ಯದಲ್ಲಿ ಸೇರುತ್ತದೆ.

ಅಮೆರಿಕದ ಪಶ್ಚಿಮ ತೀರದಲ್ಲಿ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ನೋಡಿಬರಲು ಹೋದ ನಮ್ಮ ತಂದೆತಾಯಂದಿರು ವಾರಾಂತ್ಯಕ್ಕೆ ಮಗಳ ನಾಯಿಯ ಜೊತೆ ಪಾಯಿಂಟ್ ರೇಯ್ಸ್ ಕಡೆ ಹೊರಟಿದ್ದರೆ ಗೊತ್ತಿರುತ್ತದೆ, ಅಲ್ಲಿನ ಗುಡ್ಡದ ಕಾಲುದಾರಿಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಕೀಹೋ ಬೀಚಿನಂಥ ಕೆಲವೇ ತೀರಗಳಲ್ಲಿ, ಅದೂ ಗಿಡ್ಡ ಹಗ್ಗದಲ್ಲಿ, ಬಿಡುತ್ತಾರೆ. ಅಲ್ಲಿನ ಸ್ನೋಯಿ ಪ್ಲವರ್ ಹಕ್ಕಿ 1993ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಪಕ್ಕದ ಆರೆಗಾನ್ ರಾಜ್ಯ 1967ರ ಕಾಯಿದೆಯಿಂದ ತನ್ನ ಮರಳುತೀರವನ್ನೆಲ್ಲ ಜನರಿಗೆ ತೆರೆದಿಟ್ಟಿದೆ, ಅಲ್ಲಿ ನಾಯಿಗೆ ಬಹಳ ಸ್ವಾತಂತ್ರ್ಯ. ಆದರೆ ಮಾರ್ಚ್ 15ರಿಂದ ಸೆಪ್ಟೆಂಬರ್ 15ರವರೆಗೆ, ಈ ಹಕ್ಕಿ ಗೂಡು ಕಟ್ಟುವುದಕ್ಕೆಂದು ಗುರುತಿಸಿದ ಪಟ್ಟಿಗಳಿಗೆ ನಾಯಿ ಕಾಲಿಡುವಂತಿಲ್ಲ. ಉಳಿದ ತೀರವೆಲ್ಲ ತೆರೆದೇ ಇರುತ್ತದೆ. ಒಂದು ತುಂಡು ಮರಳು, ಆರು ತಿಂಗಳು, ಇಷ್ಟನ್ನು ಹಕ್ಕಿಗೆ ಬಿಟ್ಟುಕೊಟ್ಟದ್ದರಿಂದ ಮಿಕ್ಕದ್ದು ನಾಯಿಗೆ ಉಳಿಯಿತು.

ಮನುಷ್ಯರಿಗೂ ಹೀಗೇ ಪಾಲು ಉಂಟು. ಕಾರ್ನ್‌ವಾಲ್‌ನ ಎಷ್ಟೋ ಮರಳುತೀರಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ನಾಯಿಗೆ ನಿಷೇಧ. ಆ ಹೊತ್ತು ಮರಳಿನಲ್ಲಿ ಮಕ್ಕಳು ಕೋಟೆ ಕಟ್ಟುತ್ತಿರುತ್ತವೆ. ಬೆಳಗಿನ ಜಾವ ಮತ್ತು ಸಂಜೆ ನಾಯಿಯದು, ಚಳಿಗಾಲವಿಡೀ ನಾಯಿಯದು. ಇದರಲ್ಲಿ ಯಾರಿಗೂ ಅವಮಾನ ಆದಂತೆ ಕಾಣುವುದಿಲ್ಲ.

ಈಗ ಸ್ವಲ್ಪ ಮೂಗು ಮುಚ್ಚಿಕೊಳ್ಳುವ ವಿಷಯ. ನಾಯಿಯ ಮಲ ಎತ್ತಿ ಚೀಲಕ್ಕೆ ಹಾಕಿಕೊಳ್ಳಬೇಕು ಅನ್ನುವುದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ನಿಯೋಸ್ಪೋರಾ ಎಂಬ ಸೂಕ್ಷ್ಮಜೀವಿ ನಾಯಿಯ ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ ಹೋಗಿ ಗಬ್ಬ ಇಳಿಸುತ್ತದೆ. ಬೆಲ್ಜಿಯಂನ ಗೆಂಟ್ ನಗರದ ಅಂಚಿನ ಸಂರಕ್ಷಿತ ಕಾಡುಗಳಲ್ಲಿ ಸಂಶೋಧಕರು ನಾಯಿಗಳನ್ನು ಎಣಿಸಿ ಲೆಕ್ಕ ಹಾಕಿದಾಗ, ವರ್ಷಕ್ಕೆ ಪ್ರತಿ ಹೆಕ್ಟೇರಿಗೆ ಸುಮಾರು 11 ಕಿಲೋ ಸಾರಜನಕ, 5 ಕಿಲೋ ರಂಜಕ ನಾಯಿಗಳ ಮಲಮೂತ್ರದಿಂದಲೇ ನೆಲಕ್ಕೆ ಬೀಳುತ್ತಿತ್ತು. ತೋಟಕ್ಕಾದರೆ ಗೊಬ್ಬರ ಅಂದುಕೊಳ್ಳಬಹುದು. ಬಡ ಮಣ್ಣಿನಲ್ಲೇ ಬೆಳೆಯುವ ಕಾಡುಹೂವಿನ ಜಾಗಕ್ಕೆ ಅಷ್ಟು ಗೊಬ್ಬರ ಬಿದ್ದರೆ ಗಟ್ಟಿ ಕಳೆ ಎದ್ದು ಹೂಗಿಡವನ್ನು ಒತ್ತರಿಸುತ್ತದೆ.

ಇನ್ನು ನಾಯಿಯ ಮೈಯ ಕಡೆ ನೋಡೋಣ. ಕಡಲ ದಾರಿಯಲ್ಲಿ ಅದಕ್ಕೆ ಇರುವ ಮೊದಲ ಶತ್ರು ಉಪ್ಪುನೀರು. ಬಾಯಾರಿದ ನಾಯಿ ಅಲೆಗೆ ಬಾಯಿ ಹಾಕುತ್ತದೆ, ಚೆಂಡು ಹಿಡಿಯುವಾಗಲೂ ನುಂಗುತ್ತದೆ. ಹೆಚ್ಚಾದರೆ ವಾಂತಿ, ಭೇದಿ, ತೀರಾ ಹೆಚ್ಚಾದರೆ ಜೀವಕ್ಕೇ ಸಂಚಕಾರ. ಹೊರಡುವಾಗ ನಿಮ್ಮ ಬಾಟಲಿಗಿಂತ ದೊಡ್ಡ ಬಾಟಲಿ ನಾಯಿಗೆ ಇರಲಿ. ಎರಡನೆಯದು, ಅಲೆ ತಂದು ಹಾಕಿದ ವಸ್ತುಗಳು. ಬ್ರಿಟನ್ನಿನ ತೀರಗಳಿಗೆ ಹಡಗುಗಳಿಂದ ಚೆಲ್ಲಿದ ತಾಳೆ ಎಣ್ಣೆ ಮೇಣದಂತೆ ಬಿಳಿ ಗಟ್ಟಿಯಾಗಿ ಬಂದು ಬೀಳುತ್ತದೆ. ಅದರ ವಾಸನೆ ನಾಯಿಗೆ ಬಲು ಪ್ರಿಯ, ತಿಂದರೆ ಆಸ್ಪತ್ರೆ. ಮೂರನೆಯದು ಹಾವು. ಬ್ರಿಟನ್ನಿನಲ್ಲಿ ಇರುವ ವಿಷದ ಹಾವು ಒಂದೇ, ಆಡರ್. ವಸಂತದ ಎಳೆಬಿಸಿಲಿಗೆ ದಾರಿಯ ಮೇಲೇ ಮಲಗಿರುತ್ತದೆ. ನಾಯಿ ಮೂಸಿ ನೋಡಲು ಹೋಗಿ ಕಚ್ಚಿಸಿಕೊಂಡರೆ ನಡೆಸಬಾರದು, ಎತ್ತಿಕೊಂಡೇ ಪಶುವೈದ್ಯರ ಹತ್ತಿರ ಹೋಗಬೇಕು. ಒಂದೇ ಜಾತಿಯ ಹಾವಿಗೆ ಇಷ್ಟು ಎಚ್ಚರವಾದರೆ, ನಾಗರಹಾವು, ಕೊಳಕುಮಂಡಲ ಎರಡೂ ಇರುವ ನಮ್ಮ ಗುಡ್ಡಗಳಲ್ಲಿ ಎಷ್ಟಿರಬೇಕು!

ಹೀಗೆ ನಮ್ಮ ತೀರಕ್ಕೇ ಬಂದೆವು.

ಕಡಲಂಚಿನ ಚಾರಣಕ್ಕೆ ಕರ್ನಾಟಕದಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಗೋಕರ್ಣ. ಊರ ತೀರದಿಂದ ಮುರಕಲ್ಲಿನ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಮತ್ತೊಂದು ಗುಡ್ಡ ದಾಟಿದರೆ ಓಂ ಬೀಚ್, ಅದರಾಚೆ ಹಾಫ್ ಮೂನ್, ಪ್ಯಾರಡೈಸ್. ಇನ್ನೂ ದಕ್ಷಿಣಕ್ಕೆ ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿಯ ಅಳಿವೆ ದಾಟಿದರೆ ಕುಮಟಾದ ಕಡೆಯ ತೀರಗಳ ಸರಣಿ. ದಾರಿಯ ಗುಣ ನೋಡಿದರೆ ಕಾರ್ನ್‌ವಾಲ್‌ನ ತಮ್ಮನೇ: ಗುಡ್ಡ, ಕೊಲ್ಲಿ, ಮತ್ತೆ ಗುಡ್ಡ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ನಾಯಿ ಮನುಷ್ಯರ ಜೊತೆ ಬರುತ್ತದೆ; ಇಲ್ಲಿ ನಾಯಿ ಮೊದಲೇ ಅಲ್ಲಿರುತ್ತದೆ. ಗೋಕರ್ಣದ ತೀರದಲ್ಲಿ ನಡೆದವರಿಗೆಲ್ಲ ಗೊತ್ತು, ಯಾವುದೋ ಒಂದು ಕಂದು ನಾಯಿ ಕರೆಯದೇ ಜೊತೆಯಾಗಿ ಗುಡ್ಡ ಹತ್ತಿಸುತ್ತದೆ. ನಮಗೆ ಖುಷಿ. ಬಿಸ್ಕೆಟ್ ಹಾಕುತ್ತೇವೆ, ಫೋಟೋ ತೆಗೆದುಕೊಳ್ಳುತ್ತೇವೆ. ಆದರೆ ಪ್ರತಿ ತೀರಕ್ಕೂ ಅದರದೇ ನಾಯಿಗುಂಪು ಇರುತ್ತದೆ, ಪ್ರತಿ ಗುಂಪಿಗೂ ಗಡಿ ಇರುತ್ತದೆ. ಬಿಸ್ಕೆಟಿನ ಆಸೆಗೆ ಗಡಿ ದಾಟಿ ಬಂದ ನಾಯಿಯನ್ನು ಅಲ್ಲಿನವು ಸುತ್ತುಗಟ್ಟುತ್ತವೆ. ನಾವು ದೋಣಿ ಹತ್ತಿ ವಾಪಸಾಗುತ್ತೇವೆ. ಅದು ಪರಸ್ಥಳದಲ್ಲಿ ಉಳಿಯುತ್ತದೆ. ನಿಮ್ಮ ಸಾಕುನಾಯಿಯನ್ನು ಕರೆದೊಯ್ದರೂ ಇದೇ ಗಡಿಯುದ್ಧ. ಅದಕ್ಕೇ ಇಲ್ಲಿ ಗಿಡ್ಡ ಹಗ್ಗ ಬೇಕು, ರೇಬೀಸ್ ಲಸಿಕೆ ಅವಧಿ ಮೀರಿರಬಾರದು, ಇಲಿಜ್ವರದ ಲಸಿಕೆಯೂ ಆಗಿರಬೇಕು. ನಿಮಗೇ ಯಾವ ನಾಯಿಯಾದರೂ ಕಚ್ಚಿದರೆ, ಗಾಯ ಸಣ್ಣದೆಂದು ಬಿಡದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಬಿಸಿಲಿನ ಮಾತು ಬೇರೆಯೇ. ಇಂಗ್ಲೆಂಡಿನವರು ಮಳೆಗೆ ಕೋಟು ಹೊಲಿಸುತ್ತಾರೆ. ನಾವು ಹೊತ್ತು ನೋಡಿ ಹೊರಡಬೇಕು. ನಾಯಿ ಬೆವರುವುದು ಪಾದದ ಮೆತ್ತೆಯಲ್ಲಿ ಮಾತ್ರ, ಉಳಿದ ತಂಪೆಲ್ಲ ನಾಲಿಗೆ ಚಾಚಿ ಏದುವುದರಿಂದ ಬರಬೇಕು. ಹತ್ತು ಗಂಟೆಯ ಮೇಲೆ ಕಾದ ಮುರಕಲ್ಲಿನ ಮೇಲೆ ನಿಮ್ಮ ಮುಂಗೈ ಇಟ್ಟು ನೋಡಿ; ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯ ಪಾದವೂ ಅದರ ಮೇಲೆ ಬೀಳಬಾರದು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಈ ಚಾರಣವೇ ಬೇಡ. ನಮ್ಮ ಮುಧೋಳ ನಾಯಿಗೆ ಕಸುವಿದೆ, ಕಾಲಿದೆ. ಆದರೆ ಅದು ಕಣ್ಣಿಗೆ ಕಂಡದ್ದನ್ನು ಅಟ್ಟುವ ಬೇಟೆನಾಯಿ. ದೂರದಲ್ಲಿ ಏನಾದರೂ ಓಡಿದರೆ ನಿಮ್ಮ ಕೂಗು ಅದರ ಕಿವಿಗೆ ತಲುಪುವುದಿಲ್ಲ. ಮೀನುಗಾರರ ತೀರದಲ್ಲಿ ಇನ್ನೂ ಕೆಲವು ಇವೆ: ಬಲೆಯಿಂದ ಬಿಸಾಕಿದ ತೊರಕೆಯ ಬಾಲದ ಮುಳ್ಳು, ಮೈ ಉಬ್ಬಿಸಿಕೊಳ್ಳುವ ವಿಷದ ಪಫರ್ ಮೀನು, ಮರಳಿನಲ್ಲಿ ಹುದುಗಿದ ಗಾಳದ ಕೊಕ್ಕೆ. ಒಣಗಲು ಹರಡಿದ ಮೀನು ಇನ್ನೊಬ್ಬರ ಸಂಪಾದನೆ. ನಾಯಿ ಅದಕ್ಕೆ ಬಾಯಿ ಹಾಕಿದರೆ ಬೈಗುಳ ತಿನ್ನಬೇಕಾದದ್ದು ನಾವು. ಸಂಜೆ ರೂಮಿಗೆ ಬಂದ ಮೇಲೆ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣೆ ಹತ್ತಿದೆಯೇ ಎಂದು ನೋಡದೆ ಮಲಗಬೇಡಿ.

ನಮ್ಮ ತೀರಕ್ಕೂ ಅದರದೇ ಒಂದು ಕ್ಯಾಲೆಂಡರ್ ಇದೆ. ಆದರೆ ಅದನ್ನು ಎಲ್ಲೂ ಬರೆದು ಹಾಕಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಂಥ ಮರಳುತೀರಗಳಿಗೆ ಆಲಿವ್ ರಿಡ್ಲಿ ಕಡಲಾಮೆಗಳು ಬರುತ್ತವೆ. ಹೆಣ್ಣು ಆಮೆ ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚಿ ಕಡಲಿಗೆ ಮರಳುತ್ತದೆ. ಮರಿ ಹೊರಬರಲು ನಲವತ್ತೈದರಿಂದ ಅರವತ್ತು ದಿನ ಬೇಕು. ಆ ದಿನಗಳಲ್ಲಿ ಗೂಡಿಗೆ ದೊಡ್ಡ ಗಂಡಾಂತರವೆಂದರೆ ನಾಯಿ ಮತ್ತು ನರಿ. ಒಂದು ರಾತ್ರಿಯಲ್ಲಿ ಇಡೀ ಗೂಡು ಖಾಲಿ. ಹುಲಿಗೆ ಇರುವ ಮೊದಲ ಅನುಸೂಚಿಯ ರಕ್ಷಣೆಯೇ, 1972ರ ವನ್ಯಜೀವಿ ಕಾಯಿದೆಯಲ್ಲಿ, ಈ ಆಮೆಗೂ ಇದೆ. ಅರಣ್ಯ ಇಲಾಖೆ ಮತ್ತು ಮೀನುಗಾರರು ಸೇರಿ ಗೂಡು ಹುಡುಕಿ ಸುತ್ತ ಬಲೆಬೇಲಿ ಹಾಕುತ್ತಾರೆ. ಇದೇ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಆ ಮನ್ನಣೆಯ ಷರತ್ತುಗಳಲ್ಲಿ ತೀರಕ್ಕೆ ನಾಯಿಗಳ ಪ್ರವೇಶದ ಮೇಲೆ ಕಟ್ಟುನಿಟ್ಟಿನ ಹತೋಟಿಯೂ ಒಂದು. ಈ ಆಮೆಯ ಹಂಗಾಮು, ನಮ್ಮ ಚಾರಣದ ಹಂಗಾಮು, ಕ್ರಿಸ್ಮಸ್ ರಜೆ, ಮೂರೂ ಒಂದೇ ಹೊತ್ತಿಗೆ ಬರುತ್ತವೆ. ತಂಪು ಹವೆ ಎಂದು ನಾವು ನಾಯಿಯನ್ನು ಕರೆದುಕೊಂಡು ಹೊರಡುವ ತಿಂಗಳೇ ಆಮೆ ದಡ ಹತ್ತುವ ತಿಂಗಳು.

ಹಾಗಾದರೆ ನಾಯಿ ಹಿಡಿದು ಹೋಗುವುದೇ ಬೇಡವೇ? ನಾನು ಹಾಗೆ ಹೇಳುವವನಲ್ಲ. ನಮ್ಮಲ್ಲಿ ಇವತ್ತು ಇರುವುದು ಎರಡೇ ಬಗೆ: ಎಲ್ಲಿ ಬೇಕಾದರೂ ಬಿಡು, ಇಲ್ಲವೇ ಕಲ್ಲೆತ್ತಿ ಹೊಡೆ. ಇವೆರಡರ ನಡುವೆ ಒಂದು ಮೂರನೆಯ ಬಗೆ ಇದೆ ಎಂದು ತೋರಿಸಲೆಂದೇ ಇಷ್ಟು ದೂರದ ದಾರಿ ಸುತ್ತಿದೆ. ಅದಕ್ಕೆ ದೊಡ್ಡ ಯೋಜನೆ ಬೇಡ. ಗುಡ್ಡ ಹತ್ತುವ ಜಾಗದಲ್ಲಿ ಪಂಚಾಯಿತಿಯ ಒಂದು ಬೋರ್ಡು, ಅದರಲ್ಲಿ ಕನ್ನಡದಲ್ಲಿ ನಾಲ್ಕು ಸಾಲು: ಆಮೆಯ ತಿಂಗಳುಗಳಲ್ಲಿ ಸೂರ್ಯ ಮುಳುಗಿದ ಮೇಲೆ ಮರಳಿಗೆ ನಾಯಿ ಬೇಡ, ಈ ಪಟ್ಟಿಯಲ್ಲಿ ಹಗಲೂ ಬೇಡ, ಉಳಿದ ಕಡೆ ಹಗ್ಗ ಇರಲಿ, ಮಲ ನೀವೇ ಎತ್ತಿ. ಬೋರ್ಡಿನ ಪಕ್ಕ ನೀರಿನ ನಲ್ಲಿ. ಊರನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಕೊಡುವುದು 2023ರ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಗಳ ಹೊಣೆಯೇ; ಅದು ಪ್ರವಾಸಿ ತೀರಗಳಿಂದ ಶುರುವಾದರೆ ಗೂಡಿಗೂ ಒಳ್ಳೆಯದು, ಊರ ಮಕ್ಕಳಿಗೂ ಒಳ್ಳೆಯದು.

ಆ ಬೋರ್ಡು ಬರುವವರೆಗೆ ನೀವು ಮಾಡಬಹುದಾದದ್ದು ಇಷ್ಟು. ಹೊರಡುವ ಮುಂಚೆ ಅಲ್ಲಿನ ಅರಣ್ಯ ಕಚೇರಿಗೋ ತೀರದ ಮೀನುಗಾರರಿಗೋ ಕೇಳಿ: ಈಗ ಗೂಡು ಎಲ್ಲಿವೆ? ಅವರು ತೋರಿಸಿದ ಮರಳು ಬಿಟ್ಟು ಗುಡ್ಡದ ದಾರಿ ಹಿಡಿಯಿರಿ. ಬೆಳಕು ಹರಿಯುವಾಗ ಶುರುಮಾಡಿ, ಬಿಸಿಲೇರುವ ಮುಂಚೆ ನೆರಳು ಸೇರಿ. ಅದಕ್ಕೂ ಮೊದಲು ನಿಮ್ಮೂರಿನ ಆಟದ ಬಯಲಿನಲ್ಲಿ ಒಂದು ಪರೀಕ್ಷೆ ಮಾಡಿ: ನಾಯಿ ಇನ್ನೊಂದು ನಾಯಿಯ ಜೊತೆ ಆಟದಲ್ಲಿ ಮೈಮರೆತಿರುವಾಗ ಒಂದೇ ಸಲ ಹೆಸರು ಹಿಡಿದು ಕೂಗಿ. ತಿರುಗಿ ಓಡಿ ಬಂದರೆ ನಿಮ್ಮ ನಾಯಿ ಕಡಲ ದಾರಿಗೆ ತಯಾರು. ಬರದಿದ್ದರೆ ಕಲಿಸಿ, ಕಲಿಯುವವರೆಗೆ ಹಗ್ಗ ಬಿಚ್ಚಬೇಡಿ.